ಮೇಷ್ಟ್ರಿಗೂ ಗ್ರಂಥಪಾಲಕರಿಗೂ ಒಂದೇ ಮನೆ

ಲಾಸ್ ಏಂಜಲೀಸ್ ನಗರದ ಕೇಂದ್ರ ಗ್ರಂಥಾಲಯ ನಿಂತಿರುವ ಜಾಗದಲ್ಲಿ ಮೊದಲು ಇದ್ದದ್ದು ಮೇಷ್ಟ್ರುಗಳನ್ನು ತಯಾರು ಮಾಡುವ ಶಾಲೆ. 1882ರ ಆಗಸ್ಟ್ 29ರಂದು ಅಲ್ಲಿ ನಾರ್ಮಲ್ ಸ್ಕೂಲ್ ಬಾಗಿಲು ತೆರೆಯಿತು. ಹಳೆಯ ಮೈಸೂರು, ಧಾರವಾಡಗಳಲ್ಲೂ ಶಿಕ್ಷಕರ ತರಬೇತಿ ಶಾಲೆಯನ್ನು ಇದೇ ಹೆಸರಿನಿಂದ ಕರೆಯುತ್ತಿದ್ದರು. ಶಾಲೆಯಿಂದಾಗಿ ಆ ದಿಬ್ಬಕ್ಕೂ ನಾರ್ಮಲ್ ಹಿಲ್ ಎಂಬ ಹೆಸರು ಬಿತ್ತು. 1914ರಲ್ಲಿ ಶಾಲೆ ವರ್ಮಾಂಟ್ ಅವೆನ್ಯೂಗೆ ಎದ್ದು ಹೋಯಿತು, ದಿಬ್ಬವನ್ನು ಕಡಿದು ತಗ್ಗಿಸಿದರು, 1926ರಲ್ಲಿ ಅಲ್ಲಿ ಬರ್ಟ್ರಂ ಗುಡ್‌ಹ್ಯೂ ವಿನ್ಯಾಸದ ಗ್ರಂಥಾಲಯ ಮೇಲೆದ್ದಿತು.

ಎದ್ದುಹೋದ ಶಾಲೆಯ ಕಥೆ ಇನ್ನೂ ದೊಡ್ಡದು. 1919ರಲ್ಲಿ ಅದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ‘ದಕ್ಷಿಣ ಶಾಖೆ’ಯಾಯಿತು. 1927ರಲ್ಲಿ ಯುಸಿಎಲ್‌ಎ ಎಂಬ ಹೆಸರಿಗೆ ತಿರುಗಿತು. 1929ರಲ್ಲಿ ವೆಸ್ಟ್‌ವುಡ್‌ಗೆ ಬಂದು ನೆಲೆಯಾಯಿತು. ಇಂದು ವೈದ್ಯಕೀಯ, ಸಿನಿಮಾ, ಬ್ಯಾಸ್ಕೆಟ್‌ಬಾಲ್ ಎಂದು ಹೆಸರು ಮಾಡಿರುವ ಆ ವಿಶ್ವವಿದ್ಯಾಲಯದ ತಾಯಿಬೇರು ಪ್ರಾಥಮಿಕ ಶಾಲೆಯ ಮೇಷ್ಟ್ರುಗಳ ತರಬೇತಿ ಕೇಂದ್ರ ಎಂಬುದು ಅಲ್ಲಿ ಓದಿ ಬಂದವರಲ್ಲೂ ಬಹಳ ಜನಕ್ಕೆ ಗೊತ್ತಿರಲಾರದು. ಬೆಳೆದು ದೊಡ್ಡದಾದ ವಿಶ್ವವಿದ್ಯಾಲಯಗಳಿಗೆ ತಮ್ಮ ಶಿಕ್ಷಣ ವಿಭಾಗದ ಬಗ್ಗೆ ಒಂದು ಬಗೆಯ ಸಂಕೋಚ ಇರುತ್ತದೆ. ಅದು ಅಮೆರಿಕಕ್ಕೆ ಮಾತ್ರ ಸೀಮಿತವಾದ ಕಾಯಿಲೆಯೂ ಅಲ್ಲ.

ಈ ಲೇಖನ ಆ ವಿಭಾಗದ ಬಗ್ಗೆ, ಮತ್ತು 1994ರಲ್ಲಿ ಅದರ ಜೊತೆ ಗಂಟು ಹಾಕಿಸಿಕೊಂಡ ಇನ್ನೊಂದು ವಿಭಾಗದ ಬಗ್ಗೆ. ಶಿಕ್ಷಣಶಾಸ್ತ್ರದ ಶಾಲೆ, ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಶಾಲೆ ಎರಡನ್ನೂ ಸೇರಿಸಿ ಒಬ್ಬ ಡೀನ್ ಕೈಗೆ ಕೊಟ್ಟ ಆ ಸ್ನಾತಕೋತ್ತರ ಶಾಲೆ ಜಗತ್ತಿನಲ್ಲಿ ಅಪರೂಪದ ಕೂಡಿಕೆ. ಪ್ರೀತಿಯಿಂದ ಆದದ್ದಲ್ಲ, ಖರ್ಚು ಉಳಿಸಲು ಹಿರಿಯರು ನಿಂತು ಮಾಡಿಸಿದ ಮದುವೆ.

ಖಜಾನೆ ಬರಿದಾದಾಗ

ಶೀತಲ ಸಮರ ಮುಗಿದದ್ದು ಜಗತ್ತಿಗೆ ಒಳ್ಳೆಯ ಸುದ್ದಿಯಾಗಿದ್ದರೂ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಹಾಗಿರಲಿಲ್ಲ. ಯುದ್ಧವಿಮಾನ, ಕ್ಷಿಪಣಿಗಳನ್ನು ನಂಬಿಕೊಂಡಿದ್ದ ಕಾರ್ಖಾನೆಗಳು ಒಂದೊಂದಾಗಿ ಸೊರಗಿದವು. 1992ರ ಬೇಸಿಗೆಯಲ್ಲಿ ರಾಜ್ಯ ಸರ್ಕಾರ ನಗದಿಲ್ಲದೆ ‘ಮುಂದೆ ಕೊಡುತ್ತೇವೆ’ ಎಂಬ ಚೀಟಿಗಳನ್ನೇ ಸಂಬಳವಾಗಿ ಹಂಚುವ ಸ್ಥಿತಿಗೆ ಬಂತು. ಹಣವಿಲ್ಲದ ಕಾಲದಲ್ಲಿ ವಿಶ್ವವಿದ್ಯಾಲಯಗಳು ಮೊದಲು ಕತ್ತರಿ ಇಡುವುದು ಶ್ರೀಮಂತ ಹಳೆ ವಿದ್ಯಾರ್ಥಿಗಳಿಲ್ಲದ ವಿಭಾಗಗಳಿಗೆ. ಗ್ರಂಥಪಾಲಕರು, ಸಮಾಜ ಕಾರ್ಯಕರ್ತರು, ನಗರ ಯೋಜಕರು ಕೋಟಿಗಟ್ಟಲೆ ದೇಣಿಗೆ ಕೊಡುವವರಲ್ಲ.

1993ರಲ್ಲಿ ಯುಸಿಎಲ್‌ಎ ಕುಲಪತಿ ಚಾರ್ಲ್ಸ್ ಯಂಗ್ ವೃತ್ತಿಪರ ಶಾಲೆಗಳ ಮರುಜೋಡಣೆಯ ಪ್ರಸ್ತಾಪ ಮುಂದಿಟ್ಟಾಗ ಗ್ರಂಥಾಲಯ ಶಾಲೆಯವರು ಗಾಬರಿಯಾಗಲು ಕಾರಣವಿತ್ತು. ಷಿಕಾಗೋ ವಿಶ್ವವಿದ್ಯಾಲಯ ತನ್ನ ಹೆಸರಾಂತ ಗ್ರಂಥಾಲಯ ಶಾಲೆಯನ್ನು 1989ರಲ್ಲೇ ಮುಚ್ಚಿತ್ತು. 1992ರಲ್ಲಿ ಕೊಲಂಬಿಯಾದ ಸರದಿ. ಅದು ಮೆಲ್ವಿಲ್ ಡ್ಯೂಯಿ 1887ರಲ್ಲಿ ಕಟ್ಟಿದ, ಈ ವೃತ್ತಿಯ ಮೊಟ್ಟಮೊದಲ ಶಾಲೆಯ ಪರಂಪರೆ. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಬಾರದೆಂದು ಆಡಳಿತ ಮಂಡಳಿ ಅಡ್ಡಗಾಲು ಹಾಕಿದಾಗ ಡ್ಯೂಯಿ ಒಂದು ಉಗ್ರಾಣವನ್ನು ತೆರವು ಮಾಡಿಸಿ ಅಲ್ಲೇ ಪಾಠ ಶುರು ಮಾಡಿದ್ದ. ಮೊದಲ ತಂಡದ 20 ವಿದ್ಯಾರ್ಥಿಗಳಲ್ಲಿ 17 ಮಂದಿ ಹೆಂಗಸರು. ಅಂಥ ಶಾಲೆಗೇ ಬೀಗ ಬಿದ್ದ ಮೇಲೆ ಉಳಿದವರ ಪಾಡೇನು? ಯುಸಿಎಲ್‌ಎಯಲ್ಲಿ ಪ್ರತಿಭಟನೆಗಳಾದವು, ಪತ್ರಗಳು ಹೋದವು. ಕೊನೆಗೆ ಮುಚ್ಚುವ ಬದಲು ಸೇರಿಸುವುದೆಂದಾಯಿತು. ಶಿಕ್ಷಣ ಶಾಲೆಯ ಡೀನ್ ಆಗಿದ್ದ ಇತಿಹಾಸಕಾರ ಥಿಯೊಡೋರ್ ಮಿಚೆಲ್ ಎರಡೂ ಮನೆಗಳ ಯಜಮಾನರಾದರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆ ಕ್ಯಾಂಪಸ್ಸಿನ ಸಂಶೋಧನಾ ಗ್ರಂಥಾಲಯಕ್ಕೆ ಈಗ ಚಾರ್ಲ್ಸ್ ಯಂಗ್ ಅವರದೇ ಹೆಸರು. ಗ್ರಂಥಪಾಲಕರನ್ನು ತಯಾರು ಮಾಡುವ ಶಾಲೆಯ ಸ್ವತಂತ್ರ ಅಸ್ತಿತ್ವ ಮುಗಿಸಿದವರ ಹೆಸರಿನ ಗ್ರಂಥಾಲಯದ ಹತ್ತಿರವೇ ಮಾಹಿತಿ ಅಧ್ಯಯನ ವಿಭಾಗ ಇಂದಿಗೂ ಪಾಠ ಮಾಡುತ್ತಿದೆ. ಶಿಕ್ಷಣ ವಿಭಾಗ ಇರುವುದು ಅಲ್ಲಿಂದ ದೂರದ ಮೂರ್ ಹಾಲ್‌ನಲ್ಲಿ. ಕಾಗದದ ಮೇಲೆ ಒಂದೇ ಮನೆ, ನೆಲದ ಮೇಲೆ ಎರಡು ಕಟ್ಟಡ.

ಪುಸ್ತಕಪ್ರೇಮಿಯೂ ಗಣಿತಜ್ಞನೂ

ಗ್ರಂಥಾಲಯ ಶಾಲೆ 1960ರಲ್ಲಿ ಆರಂಭವಾದಾಗ ಅದರ ಮೊದಲ ಡೀನ್ ಲಾರೆನ್ಸ್ ಕ್ಲಾರ್ಕ್ ಪವೆಲ್. ಹಳೆ ಪುಸ್ತಕದಂಗಡಿಯಲ್ಲಿ ದುಡಿದು, ಲೇಖಕರ ಸ್ನೇಹ ಬೆಳೆಸಿ, ಗ್ರಂಥಪಾಲಕನಾದವನು ಓದದೇ ಇದ್ದರೆ ಅವನಿಂದ ಪ್ರಯೋಜನವಿಲ್ಲ ಎಂದು ನಂಬಿದ್ದ ಮನುಷ್ಯ. ಕ್ಯಾಂಪಸ್ಸಿನ ಹಳೆಯ ಗ್ರಂಥಾಲಯಕ್ಕೆ ಇಂದು ಅವನ ಹೆಸರಿದೆ. ರೇ ಬ್ರ್ಯಾಡ್‌ಬರಿ ಅರ್ಧ ಗಂಟೆಗೆ ಹತ್ತು ಸೆಂಟ್ ಬಾಡಿಗೆಯ ಟೈಪ್‌ರೈಟರ್ ಮುಂದೆ ಕೂತು, ಪುಸ್ತಕ ಸುಡುವವರ ಕುರಿತ ‘ಫ್ಯಾರನ್‌ಹೀಟ್ 451’ ಬರೆದದ್ದು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ.

ಪವೆಲ್ ಕರೆತಂದವರಲ್ಲಿ ಸೀಮೋರ್ ಲ್ಯುಬೆಟ್‌ಸ್ಕಿ ಒಬ್ಬರು. ಈಗಿನ ಬೆಲಾರುಸ್‌ನ ಒಂದು ಸಣ್ಣ ಊರಿನಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಬಂದು, ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕೆಲಸ ಮಾಡಿ, ಗ್ರಂಥಸೂಚಿಯ ನಿಯಮಗಳನ್ನು ತರ್ಕದ ತಕ್ಕಡಿಗೆ ಹಾಕಿದ ಪಂಡಿತ. 1961ರ ಪ್ಯಾರಿಸ್ ಸಮ್ಮೇಳನ ಒಪ್ಪಿದ ಸೂಚೀಕರಣ ತತ್ವಗಳ ಹಿಂದೆ ಅವರ ಚಿಂತನೆಯಿದೆ. ನೂರು ದಾಟಿ ಬದುಕಿ 2003ರಲ್ಲಿ ತೀರಿಕೊಂಡರು. ಇನ್ನೊಬ್ಬರು ರಾಬರ್ಟ್ ಹೇಯ್ಸ್. ಓದಿದ್ದು ಗಣಿತ, ಹಿಡಿದದ್ದು ಕಂಪ್ಯೂಟರಿನಲ್ಲಿ ಮಾಹಿತಿ ಕೂಡಿಟ್ಟು ಹುಡುಕುವ ವಿದ್ಯೆ. 1974ರಿಂದ 1989ರವರೆಗೆ ಅವರೇ ಡೀನ್. ಪುಸ್ತಕದ ವಾಸನೆ ಇಷ್ಟಪಡುವವರ ಶಾಲೆ ಹದಿನೈದು ವರ್ಷಗಳಲ್ಲಿ ಗಣಿತಜ್ಞನ ಕೈಗೆ ಬಂದದ್ದನ್ನು ಕೆಲವರು ಪತನವೆಂದು ಭಾವಿಸಿದರು. ನಮಗೆ ಅದು ವಿಚಿತ್ರವಾಗಿ ಕಾಣಬೇಕಿಲ್ಲ. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅದಕ್ಕೆ ಮೊದಲು ಗಣಿತದ ಮೇಷ್ಟ್ರೇ. 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭಿಸಿ, ಹತ್ತು ವರ್ಷಗಳ ನಂತರ ಈ ಊರಿನಲ್ಲೇ ಕಣ್ಣು ಮುಚ್ಚಿದ ರಂಗನಾಥನ್ ಅವರಲ್ಲಿ ಶಿಕ್ಷಕನೂ ಗ್ರಂಥಪಾಲಕನೂ ಒಬ್ಬರೇ ಆಗಿದ್ದರು. ಅದಕ್ಕೆ ಯಾವ ಆಡಳಿತಾತ್ಮಕ ವಿಲೀನವೂ ಬೇಕಾಗಲಿಲ್ಲ.

ಏಕೋಪಾಧ್ಯಾಯ ಶಾಲೆಯಿಂದ ಬಂದ ಡೀನ್

ಶಿಕ್ಷಣ ವಿಭಾಗದ ಮನೆಯಲ್ಲಿ ಬೇರೆಯೇ ಗದ್ದಲ. ಅದಕ್ಕೆ 1882ರಿಂದಲೂ ತನ್ನದೇ ಒಂದು ಮಕ್ಕಳ ಶಾಲೆಯಿದೆ. ಮೊದಲು ಅಭ್ಯಾಸ ಪಾಠಕ್ಕೆ, ಆಮೇಲೆ ಪ್ರಯೋಗಕ್ಕೆ. 1925ರಿಂದ ಮೂರು ದಶಕ ಅದನ್ನು ನಡೆಸಿದ ಕೊರೀನ್ ಸೀಡ್ಸ್, ಮಗು ತಾನೇ ಮಾಡಿ ಕಲಿಯಬೇಕು ಎಂಬ ಪಂಥದವರು. 1963ರಲ್ಲಿ ಪ್ರಾಂಶುಪಾಲೆಯಾಗಿ ಬಂದ ಮ್ಯಾಡಲಿನ್ ಹಂಟರ್ ಹೆಚ್ಚುಕಡಿಮೆ ಎದುರು ದಿಕ್ಕಿನವರು. ಒಳ್ಳೆಯ ಪಾಠಕ್ಕೆ ಇಂತಿಂಥ ಹಂತಗಳು ಎಂದು ಅವರು ವಿವರಿಸಿದ ಮಾದರಿ ಅಮೆರಿಕದ ಶಾಲೆಗಳಲ್ಲಿ ಹರಡಿದ ವೇಗ ಅಸಾಧಾರಣ. ಹರಡಿದಷ್ಟೂ ಜಡವಾಯಿತು. ಇನ್‌ಸ್ಪೆಕ್ಟರುಗಳು ಪಟ್ಟಿ ಹಿಡಿದು ಹಂತಗಳಿಗೆ ಟಿಕ್ ಹಾಕಲು ಶುರು ಮಾಡಿದರು. ಇದು ನಾನು ಬಯಸಿದ್ದಲ್ಲ ಎಂದು ಹಂಟರ್ ಹೇಳುತ್ತಲೇ ಇದ್ದರು. ಬಿ.ಇಡಿ. ತರಗತಿಯಲ್ಲಿ ಹರ್ಬಾರ್ಟನ ಪಂಚಸೋಪಾನಕ್ಕೆ ತಕ್ಕಂತೆ ಪಾಠಯೋಜನೆ ಬರೆದು ಬರೆದು ಸುಸ್ತಾದ ನಮ್ಮ ಶಿಕ್ಷಕರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಹೊತ್ತಿಗೆ ಡೀನ್ ಕುರ್ಚಿಯಲ್ಲಿದ್ದವರು ಜಾನ್ ಗುಡ್‌ಲ್ಯಾಡ್. ಕೆನಡಾದವರು, ವೃತ್ತಿ ಶುರು ಮಾಡಿದ್ದು ಬ್ರಿಟಿಷ್ ಕೊಲಂಬಿಯಾದ ಹಳ್ಳಿಯೊಂದರ ಏಕೋಪಾಧ್ಯಾಯ ಶಾಲೆಯಲ್ಲಿ, ಒಂದೇ ಕೋಣೆಯಲ್ಲಿ ಎಂಟು ತರಗತಿಗಳ ಮಕ್ಕಳನ್ನು ಕೂರಿಸಿಕೊಂಡು. ಮಕ್ಕಳನ್ನು ವಯಸ್ಸಿನ ಪ್ರಕಾರ ಇಯತ್ತೆಗಳಾಗಿ ಕತ್ತರಿಸುವುದು ಆಡಳಿತದ ಅನುಕೂಲಕ್ಕೇ ಹೊರತು ಕಲಿಕೆಯ ನಿಯಮವಲ್ಲ ಎಂಬ ಅನುಮಾನ ಅವರಿಗೆ ಹತ್ತಿದ್ದು ಅಲ್ಲೇ ಇರಬೇಕು. 1984ರಲ್ಲಿ ಬಂದ ಅವರ ‘ಎ ಪ್ಲೇಸ್ ಕಾಲ್ಡ್ ಸ್ಕೂಲ್’ 38 ಶಾಲೆಗಳ ಸಾವಿರಕ್ಕೂ ಹೆಚ್ಚು ತರಗತಿಗಳಲ್ಲಿ ಕೂತು ನೋಡಿ ಬರೆದ ಪುಸ್ತಕ. ಕಂಡದ್ದೇನು? ಮೇಷ್ಟ್ರು ಮಾತಾಡುತ್ತಾರೆ, ಮಕ್ಕಳು ಕೇಳುತ್ತಾರೆ. ಮಗು ತಾನಾಗಿ ಪ್ರಶ್ನೆ ಎತ್ತುವ ಗಳಿಗೆ ಬಹಳ ಕಡಿಮೆ. ಅಮೆರಿಕದ ತರಗತಿಯೆಂದರೆ ಮುಕ್ತ ಚರ್ಚೆಯ ವೇದಿಕೆ ಎಂದು ಸಿನಿಮಾ ನೋಡಿ ನಂಬಿಕೊಂಡವರು ಆ ಪುಸ್ತಕವನ್ನು ಒಮ್ಮೆ ತಿರುವಿ ಹಾಕಬೇಕು.

ಗುಡ್‌ಲ್ಯಾಡ್ ಕೂಡಿಹಾಕಿದ ಮಾಹಿತಿಯ ರಾಶಿಯಿಂದಲೇ ಅವರ ತಂಡದಲ್ಲಿದ್ದ ಜೀನಿ ಓಕ್ಸ್ ಎಂಬ ಸಂಶೋಧಕಿ ಇನ್ನೂ ಹರಿತವಾದ ಪುಸ್ತಕ ಹೊರತೆಗೆದರು. 1985ರ ‘ಕೀಪಿಂಗ್ ಟ್ರ್ಯಾಕ್’. ಜಾಣರ ವಿಭಾಗ, ದಡ್ಡರ ವಿಭಾಗ ಎಂದು ಶಾಲೆಗಳು ಮಕ್ಕಳನ್ನು ಬೇರೆಬೇರೆ ಹಳಿಗೆ ಹತ್ತಿಸುತ್ತವೆ. ಕೆಳಹಳಿಗೆ ಬೀಳುವವರಲ್ಲಿ ಬಡವರೂ ಬಿಳಿಯರಲ್ಲದವರೂ ತುಂಬಿರುತ್ತಾರೆ. ಅಲ್ಲಿ ಸಿಗುವ ಪಾಠವೂ ಅಗ್ಗದ್ದು ಎಂದು ಅವರು ತೋರಿಸಿದರು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದೃಷ್ಟಿಯಿಂದ ಮಕ್ಕಳನ್ನು ಎ, ಬಿ, ಸಿ ಸೆಕ್ಷನ್‌ಗಳಾಗಿ ವಿಂಗಡಿಸುವ ಶಾಲೆಗಳಿಗೆ ಈ ಪುಸ್ತಕ ಹಳೆಯದಾಗಿಲ್ಲ.

ಇದೇ ವಿಭಾಗ 1973ರಿಂದ ಇನ್ನೊಂದು ಕೆಲಸ ಮಾಡುತ್ತ ಬಂದಿದೆ. ಅಲೆಕ್ಸಾಂಡರ್ ಆಸ್ಟಿನ್ 1966ರಲ್ಲಿ ಆರಂಭಿಸಿ ಇಲ್ಲಿಗೆ ತಂದ ಸಮೀಕ್ಷೆ, ಹೊಸದಾಗಿ ಕಾಲೇಜು ಸೇರುವ ಹುಡುಗ ಹುಡುಗಿಯರಿಗೆ ‘ನಿಮಗೆ ಬದುಕಿನಲ್ಲಿ ಮುಖ್ಯವಾದದ್ದೇನು’ ಎಂದು ಕೇಳುತ್ತದೆ. 1960ರ ದಶಕದ ಕೊನೆಯಲ್ಲಿ ಹತ್ತರಲ್ಲಿ ಎಂಟು ಮಂದಿ ಅರ್ಥಪೂರ್ಣ ಜೀವನದರ್ಶನ ರೂಪಿಸಿಕೊಳ್ಳುವುದು ಎಂದಿದ್ದರು. ಮುಂದಿನ ದಶಕಗಳಲ್ಲಿ ಆ ಜಾಗಕ್ಕೆ ಬಂದು ಕೂತದ್ದು ಹಣಕಾಸಿನ ಅನುಕೂಲ.

ಏಪ್ರಿಲ್ 29

ಈ ತಾರೀಖು ಲಾಸ್ ಏಂಜಲೀಸಿಗೆ ಎರಡು ಬಾರಿ ಬೆಂಕಿ ತಂದಿದೆ. 1986ರ ಏಪ್ರಿಲ್ 29ರಂದು ಹಳೆಯ ನಾರ್ಮಲ್ ಹಿಲ್ ಮೇಲಿನ ಕೇಂದ್ರ ಗ್ರಂಥಾಲಯ ಹೊತ್ತಿ ಉರಿದು ನಾಲ್ಕು ಲಕ್ಷದಷ್ಟು ಪುಸ್ತಕಗಳು ಹೋದವು. ಗ್ರಂಥಾಲಯ ಮತ್ತೆ ತೆರೆದದ್ದು 1993ರಲ್ಲಿ. ಆ ನಡುವೆ, 1992ರ ಏಪ್ರಿಲ್ 29ರಂದು, ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಥಳಿಸಿದ ಪೊಲೀಸರನ್ನು ಜ್ಯೂರಿ ದೋಷಮುಕ್ತಗೊಳಿಸಿದಾಗ ನಗರವೇ ಹೊತ್ತಿಕೊಂಡಿತು. 60ಕ್ಕೂ ಹೆಚ್ಚು ಮಂದಿ ಸತ್ತರು.

ಮಲೆಯ ತಪ್ಪಲಿನ ಸಿರಿವಂತ ವೆಸ್ಟ್‌ವುಡ್‌ನಲ್ಲಿ ಕೂತು ನಗರದ ಶಾಲೆಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದವರಿಗೆ ಅದು ಸಣ್ಣ ಪೆಟ್ಟಲ್ಲ. 1989ರಲ್ಲಿ ಯುಸಿಎಲ್‌ಎಗೆ ಪ್ರಾಧ್ಯಾಪಕಿಯಾಗಿ ಮರಳಿದ್ದ ಜೀನಿ ಓಕ್ಸ್ ಮತ್ತು ಸಂಗಡಿಗರು ‘ಸೆಂಟರ್ ಎಕ್ಸ್’ ಎಂಬ ಶಿಕ್ಷಕ ತರಬೇತಿ ಕೇಂದ್ರ ಕಟ್ಟಿದರು. ಬಡ ಬಡಾವಣೆಗಳ ಶಾಲೆಗಳಿಗಾಗಿಯೇ, ಅನ್ಯಾಯದ ಬಗ್ಗೆ ಬಾಯಿ ಬಿಟ್ಟು ಮಾತಾಡುವ ಮೇಷ್ಟ್ರುಗಳನ್ನು ತಯಾರು ಮಾಡುವ ಕೇಂದ್ರ. ಇದು ಶಿಕ್ಷಣವೋ ರಾಜಕೀಯವೋ ಎಂದು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಕೇಳುವವರು 2000ದಲ್ಲಿ ಹೂಡಿದ ‘ವಿಲಿಯಮ್ಸ್’ ಮೊಕದ್ದಮೆಯ ಕಡತ ನೋಡಬೇಕು. ಕ್ಯಾಲಿಫೋರ್ನಿಯಾದಂಥ ಶ್ರೀಮಂತ ರಾಜ್ಯದಲ್ಲಿ ಮಕ್ಕಳಿಗೆ ಮನೆಗೆ ಒಯ್ಯಲು ಪಠ್ಯಪುಸ್ತಕವಿರಲಿಲ್ಲ, ಶೌಚಾಲಯ ಸರಿಯಿರಲಿಲ್ಲ, ಅರ್ಹ ಶಿಕ್ಷಕರಿರಲಿಲ್ಲ. ಓಕ್ಸ್ ತಜ್ಞ ವರದಿ ಬರೆದುಕೊಟ್ಟರು. 2004ರಲ್ಲಿ ಸರ್ಕಾರ ರಾಜಿಗೆ ಬಂತು. ಅಂದಿನಿಂದ ಆ ರಾಜ್ಯದ ಪ್ರತಿ ತರಗತಿಯ ಗೋಡೆಯ ಮೇಲೂ ಒಂದು ನೋಟಿಸ್ ಇರಬೇಕು: ಪುಸ್ತಕ ಸಿಗದಿದ್ದರೆ ದೂರು ಕೊಡುವುದು ಹೇಗೆ ಎಂದು.

2009ರಲ್ಲಿ ಈ ಶಾಲೆಯವರೇ ನಗರದ ಶಿಕ್ಷಣ ಇಲಾಖೆಯ ಜೊತೆ ಸೇರಿ ಒಂದು ಸಾರ್ವಜನಿಕ ಶಾಲೆ ಆರಂಭಿಸಿದರು. ಸ್ಪ್ಯಾನಿಷ್, ಕೊರಿಯನ್ ಮನೆಮಾತಿನ ಮಕ್ಕಳು ತಮ್ಮ ಭಾಷೆಯನ್ನೂ ಇಂಗ್ಲಿಷನ್ನೂ ಒಟ್ಟಿಗೆ ಕಲಿಯುವ ಶಾಲೆ. ಅದು ಇರುವುದು ಅಂಬಾಸಿಡರ್ ಹೋಟೆಲಿದ್ದ ಜಾಗದಲ್ಲಿ. 1968ರಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಿದ್ದ ಹೋಟೆಲು. ಅಲ್ಲಿ ಎದ್ದ ಆರು ಶಾಲೆಗಳ ಸಮುಚ್ಚಯಕ್ಕೆ 57.8 ಕೋಟಿ ಡಾಲರ್ ಸುರಿದದ್ದಕ್ಕೆ ದೇಶವೆಲ್ಲ ಹುಬ್ಬೇರಿಸಿತು. ಕೆನಡಿ ಕೊನೆಯ ಭಾಷಣ ಮಾಡಿದ ನೃತ್ಯಾಂಗಣವನ್ನು ಮಕ್ಕಳ ಗ್ರಂಥಾಲಯವಾಗಿ ಕಟ್ಟಿದರು. ಅದಕ್ಕಿಟ್ಟದ್ದು ಅದೇ ರಾತ್ರಿ ಗಾಯಗೊಂಡು ಬದುಕುಳಿದ, ಆ ನೆಲ ಶಾಲೆಗೇ ಸಿಗಲೆಂದು ವರ್ಷಗಟ್ಟಲೆ ಹೋರಾಡಿದ ಕಾರ್ಮಿಕ ನಾಯಕ ಪಾಲ್ ಶ್ರೇಡ್ ಅವರ ಹೆಸರು.

894.814 ಎಂಬ ವಿಳಾಸ

ಕನ್ನಡ ಸಾಹಿತ್ಯದ ಪುಸ್ತಕವೊಂದರ ಬೆನ್ನಿನ ಮೇಲೆ ಅಂಟಿಸಿದ ಚೀಟಿಯನ್ನು ಗಮನಿಸಿದ್ದೀರಾ? ಡ್ಯೂಯಿ ವರ್ಗೀಕರಣದಲ್ಲಿ ಅದರ ಸಂಖ್ಯೆ 894.814. ಅಮೆರಿಕನ್ ಸಾಹಿತ್ಯಕ್ಕೆ 810 ಇಡಿಯಾಗಿ, ಇಂಗ್ಲಿಷಿಗೆ 820, ಜರ್ಮನಿಗೆ 830, ಫ್ರೆಂಚಿಗೆ 840. ಹೀಗೆ ಐರೋಪ್ಯ ಭಾಷೆಗಳಿಗೆ ಅಂಗಳ ಹಂಚಿ ಮುಗಿಸಿ, ‘ಇತರೆ’ ಎಂಬ 890ರ ಮೂಲೆಯಲ್ಲಿ ದಶಾಂಶ ಬಿಂದುವಿನ ಆಚೆ ಪಂಪನಿಂದ ಇಂದಿನವರೆಗಿನವರನ್ನೆಲ್ಲ ಕೂರಿಸಲಾಗಿದೆ. ಧರ್ಮದ ವಿಭಾಗದಲ್ಲೂ ಕ್ರೈಸ್ತಮತಕ್ಕೆ 220ರಿಂದ 289ರವರೆಗೆ ಜಾಗ. ಹಿಂದೂ ಧರ್ಮಕ್ಕೆ 294.5. ಡ್ಯೂಯಿಗೆ ಕೇಡಿನ ಉದ್ದೇಶವಿರಲಿಲ್ಲ. ತನ್ನ ಕಾಲೇಜಿನ ಕಪಾಟಿನಲ್ಲಿ ಏನಿತ್ತೋ ಅದಕ್ಕೆ ತಕ್ಕ ಅಂಕಿ ಹಾಕಿದ. ಆ ಅಂಕಿಗಳು ಜಗತ್ತಿನ ನಕ್ಷೆಯಾಗಿ ನಿಂತುಬಿಟ್ಟವು.

ಜೋಡಿಸುವವನ ಕಣ್ಣು ಜೋಡಣೆಯಲ್ಲಿ ಉಳಿಯುತ್ತದೆ ಎಂಬುದು ಗ್ರಂಥಪಾಲಕರಿಗೆ ಬಹಳ ಹಿಂದೆಯೇ ಗೊತ್ತಾಗಿತ್ತು. ಸ್ಯಾನ್‌ಫರ್ಡ್ ಬರ್ಮನ್ ಎಂಬ ಅಮೆರಿಕನ್ ಸೂಚೀಕಾರ ಜಾಂಬಿಯಾದಲ್ಲಿ ಕೆಲಸ ಮಾಡುವಾಗ ಆಫ್ರಿಕನ್ನರನ್ನು ಹೀಯಾಳಿಸುವ ಪದಗಳೇ ಅಧಿಕೃತ ವಿಷಯ ಶೀರ್ಷಿಕೆಗಳಾಗಿರುವುದು ಕಂಡು ರೇಗಿ, 1971ರಲ್ಲಿ ಅವನ್ನೆಲ್ಲ ಪಟ್ಟಿ ಮಾಡಿ ಪುಸ್ತಕ ಬರೆದ. ಕೆಲವು ಬದಲಾದವು. ‘ಅಕ್ರಮ ಪರಕೀಯರು’ ಎಂಬ ಶೀರ್ಷಿಕೆ ಕೈಬಿಡಲು ಲೈಬ್ರರಿ ಆಫ್ ಕಾಂಗ್ರೆಸ್‌ಗೆ 2021ರವರೆಗೆ ಹಿಡಿಯಿತು. ನಡುವೆ ಸಂಸತ್ತೇ ಅಡ್ಡ ಬಂದಿತ್ತು!

ಈ ಪರಂಪರೆ ಗೊತ್ತಿದ್ದರೆ ಸಫಿಯಾ ನೋಬಲ್ ಅವರ ಕೆಲಸ ಆಕಸ್ಮಿಕವಲ್ಲ ಎಂದು ತಿಳಿಯುತ್ತದೆ. ಜಾಹೀರಾತು ಲೋಕದಲ್ಲಿ ವರ್ಷಗಟ್ಟಲೆ ದುಡಿದು, ಇಲಿನಾಯ್ ವಿಶ್ವವಿದ್ಯಾಲಯದ ಗ್ರಂಥಾಲಯ ಶಾಲೆಯಲ್ಲಿ ಪಿಎಚ್.ಡಿ. ಮಾಡಿ, ಯುಸಿಎಲ್‌ಎಯ ಮಾಹಿತಿ ಅಧ್ಯಯನ ವಿಭಾಗಕ್ಕೆ ಬಂದವರು. ಮನೆಯ ಹೆಣ್ಣುಮಕ್ಕಳಿಗೆ ಏನಾದರೂ ಸಿಗಬಹುದೆಂದು ‘ಕಪ್ಪು ಹುಡುಗಿಯರು’ ಎಂದು ಗೂಗಲ್‌ನಲ್ಲಿ ಹುಡುಕಿದಾಗ ಮೊದಲ ಸಾಲಿನಲ್ಲೇ ಅಶ್ಲೀಲ ತಾಣಗಳು ಬಂದವು. 2018ರ ‘ಆಲ್ಗರಿದಮ್ಸ್ ಆಫ್ ಅಪ್ರೆಷನ್’ ಪುಸ್ತಕದ ಬೀಜ ಅದು. ನೋಬಲ್ ಅವರ ವಾದ ಸರಳ: ಜನ ಸರ್ಚ್ ಎಂಜಿನ್ನನ್ನು ಸಾರ್ವಜನಿಕ ಗ್ರಂಥಾಲಯ ಎಂದು ಭಾವಿಸಿದ್ದಾರೆ, ಅದು ನಿಜದಲ್ಲಿ ಜಾಹೀರಾತು ಕಂಪನಿ. 2021ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಸಹೋದ್ಯೋಗಿ ಸಾರಾ ರಾಬರ್ಟ್ಸ್, ಸಾಮಾಜಿಕ ಜಾಲತಾಣಗಳ ಹೊಲಸನ್ನು ದಿನವಿಡೀ ನೋಡಿ ನೋಡಿ ಅಳಿಸುವ ಫಿಲಿಪೀನ್ಸ್ ಮೊದಲಾದೆಡೆಯ ಕಾಣದ ಕೆಲಸಗಾರರ ಬಗ್ಗೆ 2019ರಲ್ಲಿ ‘ಬಿಹೈಂಡ್ ದಿ ಸ್ಕ್ರೀನ್’ ಬರೆದರು.

ಇದೆಲ್ಲ ಅಮೆರಿಕದವರ ಜಗಳ ಎನ್ನುವಂತಿಲ್ಲ. ನೋಬಲ್‌ಗೆ ಆ ಫೆಲೋಶಿಪ್ ಬಂದ ವರ್ಷದ ಜೂನ್ ತಿಂಗಳಲ್ಲೇ ನಮ್ಮಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಭಾರತದ ಅತ್ಯಂತ ಕುರೂಪಿ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಯಾರೋ ಕೇಳಿದ್ದಕ್ಕೆ ಗೂಗಲ್ ‘ಕನ್ನಡ’ ಎಂದು ದಪ್ಪಕ್ಷರದಲ್ಲಿ ಉತ್ತರಿಸಿತ್ತು. ಮೂಲ ಯಾವುದೋ ಅನಾಮಧೇಯ ಜಾಲತಾಣ. ರಾಜ್ಯ ಕೆರಳಿತು, ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು, ಗೂಗಲ್ ಕ್ಷಮೆ ಕೇಳಿ ಉತ್ತರ ತೆಗೆಯಿತು. ನಾವು ಗೆದ್ದೆವೆಂದು ಸುಮ್ಮನಾದೆವು. ಇಂಥ ಪ್ರಶ್ನೆಗೆ ಒಂದೇ ಒಂದು ಉತ್ತರವನ್ನು ಚೌಕಟ್ಟಿನೊಳಗಿಟ್ಟು ಕೊಡುವ ಅಧಿಕಾರ ಯಂತ್ರಕ್ಕೆ ಬಂದದ್ದು ಹೇಗೆ ಎಂದು ನಮ್ಮ ಯಾವ ತರಗತಿಯಲ್ಲೂ ಪಾಠವಾಗಲಿಲ್ಲ. ಆ ಪಾಠ ಮಾಡಲು ಮೇಷ್ಟ್ರೂ ಬೇಕು, ಗ್ರಂಥಪಾಲಕರೂ ಬೇಕು. ಈಗ ಮಕ್ಕಳು ಸರ್ಚ್ ಕೂಡ ಬಿಟ್ಟು ಚಾಟ್‌ಬಾಟ್‌ಗಳನ್ನು ಕೇಳುತ್ತಿರುವಾಗ ಇನ್ನೂ ಹೆಚ್ಚು ಬೇಕು.

ಲೆಕ್ಕಪತ್ರದವರು ಮಾಡಿಸಿದ ಮದುವೆಗೆ ನಿಜವಾದ ಕಾರಣ ಒದಗಿದ್ದು ಹೀಗೆ, ಕಾಲು ಶತಮಾನದ ನಂತರ. ಎರಡೂ ವಿಭಾಗಗಳು ಇಂದಿಗೂ ಹೆಚ್ಚಾಗಿ ತಮ್ಮ ತಮ್ಮ ಕಟ್ಟಡದಲ್ಲಿ ತಮ್ಮ ತಮ್ಮ ಪದವಿ ಕೊಟ್ಟುಕೊಂಡಿವೆ, ನಿಜ. ಆದರೂ 1993ರಲ್ಲಿ ಗ್ರಂಥಾಲಯ ಶಾಲೆಗೆ ಬೀಗ ಬಿದ್ದಿದ್ದರೆ ನೋಬಲ್ ಅಂಥವರಿಗೆ ಅಲ್ಲಿ ಕುರ್ಚಿಯೇ ಇರುತ್ತಿರಲಿಲ್ಲ.

ಅದೇ ವಿಭಾಗದ ಇನ್ನೊಬ್ಬ ಪ್ರಾಧ್ಯಾಪಕಿಯ ಕೆಲಸ ಅನಿವಾಸಿ ಕನ್ನಡಿಗರಿಗೆ ನೇರವಾಗಿ ತಾಗುವಂಥದು. ಮಿಷೆಲ್ ಕ್ಯಾಸ್‌ವೆಲ್ ಅವರು ಸಮೀಪ್ ಮಲ್ಲಿಕ್ ಜೊತೆ 2008ರಲ್ಲಿ ಆರಂಭಿಸಿದ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ ಈಗ ಫಿಲಡೆಲ್ಫಿಯಾ ನೆಲೆಯ ಸಂಸ್ಥೆ. 1915ರಲ್ಲಿ ಪೇಶಾವರದಿಂದ ಹೆಂಡತಿ, ಮೂವರು ಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿಳಿದ ವೈಷ್ಣೋದಾಸ್ ಬಗಾಯ್, ಭಾರತೀಯರು ಅಮೆರಿಕದ ಪೌರರಾಗಲಾರರು ಎಂದ 1923ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಪೌರತ್ವ ಕಳೆದುಕೊಂಡು 1928ರಲ್ಲಿ ಪ್ರಾಣ ಕಳೆದುಕೊಂಡರು. ಅವರ ಕುಟುಂಬ ಕಾಪಾಡಿಕೊಂಡು ಬಂದ ಫೋಟೊ, ಪತ್ರಗಳು ಇಂದು ಯಾರು ಬೇಕಾದರೂ ನೋಡಬಹುದಾದ ದಾಖಲೆಯಾಗಿರುವುದು ಅಲ್ಲಿ. ಈ ಸಂಸ್ಥೆ ಮೂಲ ಕಾಗದಗಳನ್ನು ಇಟ್ಟುಕೊಳ್ಳುವುದಿಲ್ಲ. ಸ್ಕ್ಯಾನ್ ಮಾಡಿ ಮನೆಗೇ ಹಿಂದಿರುಗಿಸುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಓದುಗರಲ್ಲಿ ಒಂದು ವಿನಂತಿ. ಮೊದಲ ಕನ್ನಡ ಕೂಟದ ಸೈಕ್ಲೊಸ್ಟೈಲ್ ಆಹ್ವಾನ ಪತ್ರ, 1970ರ ದಶಕದ ಯುಗಾದಿ ನಾಟಕದ ಫೋಟೊ, ಊರಿನಿಂದ ಬಂದ ಇನ್‌ಲ್ಯಾಂಡ್ ಲೆಟರು, ವೀಸಾದ ಹಳೆ ಕಡತ ನಿಮ್ಮ ಬೇಸ್‌ಮೆಂಟಿನಲ್ಲಿದ್ದರೆ ಮನೆ ಖಾಲಿ ಮಾಡುವಾಗ ರದ್ದಿಗೆ ಹಾಕಬೇಡಿ. ಸ್ಕ್ಯಾನ್ ಮಾಡಿ; ಫೋಟೊದಲ್ಲಿರುವವರ ಹೆಸರು, ಊರು, ವರ್ಷವನ್ನು ಕನ್ನಡದಲ್ಲೇ ಬರೆದು ಜೊತೆಗಿಡಿ; ಇಂಥ ಸಂಗ್ರಹಗಳಿಗೆ ಕಳಿಸಿ.